ಎರಡು ಕಚ್ಚಿನ ರ‍್ಯಾಮ್

ಜಯಪುರ
೯-೨-೨೦೦೬, ಗುರುವಾರ

ನನ್ನ ಬಂಗಾರ ಅರ್ಪಿತಾ,

ಹೇಗಿದ್ದೀಯ ಮಗಳೇ? ಹಾಸ್ಟೆಲ್ಲಿನ ಊಟ ಈಗಲಾದರೂ ಒಗ್ಗಿತಾ? ಕೆಮ್ಮು ಪೂರ್ತಿ ಹೋಗದಿದ್ದರೆ ಶಿವಮೊಗ್ಗದಲ್ಲೇ ಡಾಕ್ಟರಿಗೆ ತೋರಿಸು, ಅಸಡ್ಡೆ ಮಾಡಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪನ ಕೈಬರಹ ಕಾಣದೆ ನಿನಗೆ ಗಾಬರಿಯಾಗಿರಬೇಕು. ನನ್ನ ಕಣ್ಣು ಹೋದ ಈ ಎರಡು ವರ್ಷ ನಾನು ಹೇಳಿದ್ದನ್ನು ಅವರು ಬರೆಯುತ್ತಿದ್ದರು. ಇದನ್ನು ನಾನೇ ಟೈಪ್ ಮಾಡುತ್ತಿದ್ದೇನೆ. ಇಪ್ಪತ್ತು ವರ್ಷ ಟೈಪಿಂಗ್ ಕಲಿಸಿದ ಬೆರಳುಗಳು ಏನೂ ಮರೆತಿಲ್ಲ ಮಾರಾಯ್ತಿ.

ದೇವಕಿ ಚಿಕ್ಕಮ್ಮ ಕೊಟ್ಟ ಹಳೆ ಕಂಪ್ಯೂಟರ್ ಗೊತ್ತಲ್ಲ? ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರನ್ನೂ ಅವಳೇ ಹಾಕಿಸಿದ್ದಳು. ಆದರೆ ಅದು ಒಂದು ಪದ ಹೇಳಿ ಉಸಿರು ಕಟ್ಟಿದ ಹಾಗೆ ನಿಂತುಬಿಡುತ್ತಿತ್ತು. ಮೆಮೊರಿ ಸಾಲದು, ಇನ್ನೊಂದು ಮೆಮೊರಿ ಪಟ್ಟಿ, ಅಂದರೆ ರ‍್ಯಾಮ್ ಹಾಕಿಸಿ ಅಂದಳು. ಅಪ್ಪ ಕೊಪ್ಪಕ್ಕೆ ಹೋಗಿ ಒಂದು ತಂದರು. ಅಂಗಡಿಯವನು "ರ‍್ಯಾಮ್ ಅಂದ್ರೆ ರ‍್ಯಾಮೇ, ಒತ್ತಿದ್ರೆ ಕೂರುತ್ತೆ" ಅಂದನಂತೆ. ಕಂಪ್ಯೂಟರ್ ಬಿಚ್ಚಿ ಒಳಗಿನ ಬೋರ್ಡಿಗೆ ಒತ್ತಿದರು, ಕೂರಲಿಲ್ಲ. ಇನ್ನೂ ಜೋರಾಗಿ ಒತ್ತಲು ಹೊರಟಾಗ, "ತಡೀರಿ, ಬೋರ್ಡ್ ಮುರಿದೀತು, ಹಳೇದು ಹೊಸದು ಎರಡನ್ನೂ ನನ್ನ ಕೈಗೆ ಕೊಡಿ" ಅಂದೆ. ಬೋರ್ಡಿನೊಳಗೆ ಕೂರುವ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದೆ. ಹಳೆಯದಕ್ಕೆ ಎರಡು ಕಚ್ಚು, ಹೊಸದಕ್ಕೆ ಒಂದೇ. "ಇದು ನಮ್ಮ ಬೋರ್ಡಿಗೆ ಆಗೋದಲ್ಲ ಕಣ್ರೀ" ಅಂದೆ. ಅಪ್ಪ ಕನ್ನಡಕ ಹಾಕಿಕೊಂಡು ನೋಡಿ, "ಹೌದಲ್ಲ ಮಾರಾಯ್ತಿ, ಕಣ್ಣಿದ್ದೂ ನಂಗೆ ಕಾಣ್ಲಿಲ್ಲ" ಅಂದರು. ನಾನು ನಕ್ಕುಬಿಟ್ಟೆ.

ಮಂಗಳವಾರ ಹಳೆ ರ‍್ಯಾಮನ್ನೇ ಮಾದರಿಗೆಂದು ಕರವಸ್ತ್ರದಲ್ಲಿ ಸುತ್ತಿಕೊಂಡು ಇಬ್ಬರೂ ಶೃಂಗೇರಿ ಬಸ್ಸು ಹತ್ತಿದೆವು. ಈ ಎರಡು ವರ್ಷದಲ್ಲಿ ಆಸ್ಪತ್ರೆಗಲ್ಲದೆ ನಾನು ಬಸ್ಸು ಹತ್ತಿದ್ದು ಅದೇ ಮೊದಲು. ಅಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಶಶಿಕಿರಣ ಅಂತ ಒಬ್ಬರಿದ್ದಾರೆ. "ಕಚ್ಚು ಹೊಂದಿದ್ರೆ ಸಾಲದು ಅಮ್ಮಾ, ಬೋರ್ಡ್ ಎಷ್ಟು ಮೆಮೊರಿ ತಗೊಳ್ಳುತ್ತೆ ಅಂತಾನೂ ನೋಡ್ಬೇಕು" ಅಂದರು. ಬೋರ್ಡಿನ ಮೇಲಿದ್ದ ನಂಬರನ್ನು ಅಪ್ಪ ಚೀಟಿಯಲ್ಲಿ ಬರೆದು ತಂದಿದ್ದರು. ಶಶಿಕಿರಣ ಅದನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ, ಮೆಮೊರಿ ಕೂರುವ ಒಂದೊಂದು ಸ್ಲಾಟಿಗೆ ಇನ್ನೂರ ಐವತ್ತಾರು ಎಂಬಿ ತನಕ ಆಗುತ್ತದೆ ಎಂದು ಓದಿ ಹೇಳಿದರು. ಯಾವುದೋ ಹಳೆ ಕಂಪ್ಯೂಟರಿನಿಂದ ಬಿಚ್ಚಿಟ್ಟ ಅಂಥದ್ದೇ ಒಂದು ಅವರ ಹತ್ತಿರ ಇತ್ತು. ನಾನು ಅಂಚು ಮುಟ್ಟಿ ನೋಡಿಯೇ ತೆಗೆದುಕೊಂಡೆ.

ಮನೆಗೆ ಬಂದು ನಾನೇ ಕೂರಿಸಿದೆ. ಎರಡೂ ಬದಿಯ ಕ್ಲಿಪ್ ಟಕ್ಕೆಂದು ತಾವಾಗಿ ಹಿಡಿದವು. ಹೊಂದದಿದ್ದರೆ ಕಂಪ್ಯೂಟರ್ ಮತ್ತೆ ಮತ್ತೆ ಕೂಗುತ್ತದೆ, ಸರಿಯಿದ್ದರೆ ಒಂದೇ ಬೀಪ್ ಎಂದು ಶಶಿಕಿರಣ ಹೇಳಿದ್ದರು. ಸ್ವಿಚ್ ಹಾಕಿ ಅಪ್ಪನ ಕೈ ಹಿಡಿದುಕೊಂಡು ಕಾದೆ. ಒಂದೇ ಬೀಪ್! ಸ್ವಲ್ಪ ಹೊತ್ತಿಗೆ ಆ ದನಿ ತಡವರಿಸದೆ ಮಾತಾಡಿತು. ಅದಕ್ಕೆ ಇಂಗ್ಲಿಷ್ ಮಾತ್ರ ಬರುತ್ತದೆ, ಕನ್ನಡ ಬರುವುದಿಲ್ಲ. ಹಾಗಾಗಿ ಈ ಕಾಗದದ ತಪ್ಪುಗಳನ್ನು ಅಪ್ಪ ಓದಿ ತಿದ್ದಿಸಿದ್ದಾರೆ.

ಮೈ ಕಾಪಾಡಿಕೋ. ನೀನು ಹಿಡಿದ ಕೆಲಸವೆಲ್ಲ ಕೈಗೂಡಲಿ ಅಂತ ನಮ್ಮಿಬ್ಬರ ಆಶೀರ್ವಾದ.

ನಿನ್ನ ಅಮ್ಮ,
ಸುಲೋಚನಾ

ತಾ.ಕ.: ಅಪ್ಪ ಡೈರಿಗೆ ಹಾಲು ಹಾಕಲು ಹೋಗಿದ್ದಾರೆ, ಬರುವುದರೊಳಗೆ ಇದಿಷ್ಟನ್ನು ಸೇರಿಸಿ, ಪ್ರಿಂಟ್ ತೆಗೆದು ಲಕೋಟೆ ಅಂಟಿಸಿಬಿಡುತ್ತೇನೆ. ತಪ್ಪಿದ್ದರೆ ತಿದ್ದಿಕೊಂಡು ಓದು. ನಿನ್ನ ಗೆಳತಿ ಚೈತ್ರ ಹೋದ ವಾರ ಅಪ್ಪ ಇಲ್ಲದಾಗ ಬಂದು ಎಲ್ಲ ಹೇಳಿದಳು. ನನ್ನನ್ನು ನೋಡಿಕೊಳ್ಳಬೇಕೆಂದು ನೀನು ಟೀಚರ್ ಟ್ರೈನಿಂಗ್ ಬಿಡಲು ಅರ್ಜಿ ಬರೆದಿಟ್ಟಿದ್ದೀಯಂತೆ. ಇದನ್ನು ಅಪ್ಪನ ಕೈಯಲ್ಲಿ ಹೇಗೆ ಬರೆಸಲಿ? ಅವರಿಗೆ ಗೊತ್ತಾದರೆ ತುಂಬಾ ನೊಂದುಕೊಳ್ಳುತ್ತಾರೆ. ಆ ಅರ್ಜಿ ಹರಿದು ಹಾಕು. ಸೋಮವಾರದಿಂದ ಇಬ್ಬರು ಹುಡುಗಿಯರು ನನ್ನ ಹತ್ತಿರ ಟೈಪಿಂಗ್ ಕಲಿಯಲು ಬರುತ್ತಾರೆ. ನೀನು ಬಂದರೂ ನಿನ್ನ ಹತ್ತಿರ ಸೇವೆ ಮಾಡಿಸಿಕೊಂಡು ಕೂರಲು ನನಗೆ ಪುರಸೊತ್ತಿಲ್ಲ. ಪರೀಕ್ಷೆ ಮುಗಿಸಿಯೇ ಬಾ.