ಕಲ್ಲಾದ ಬಚ್ಚಲ ಪೈಪು

ವಿಲ್ಲಿಸ್ಟನ್, ಜನವರಿ 14

ನನ್ನ ಮುದ್ದು ಚಿಕ್ಕಮ್ಮಾ,

ನಲ್ಲಿ ಹನಿಯುತ್ತಿದ್ದರೆ ಎಂಥ ಚಳಿಗೂ ನೀರು ಹೆಪ್ಪುಗಟ್ಟುವುದಿಲ್ಲವಂತೆ! ಹಾಗೆಂದು ನನ್ನ ಗಂಡ, ಮಹಾಪಂಡಿತ ಕೋರಿ, ನಾವು ವಾಸವಿರುವ ಚಕ್ರದ ಗಾಡಿಮನೆಯ ನಲ್ಲಿಯನ್ನು ಹನಿಯಲು ಬಿಟ್ಟ. ಜೊತೆಗೆ ಗಾಡಿಯಡಿಯ ಬಚ್ಚಲ ಪೈಪಿನ ಬಾಯಿಯನ್ನೂ ತೆರೆದಿಟ್ಟ. ಹನಿಗಳೆಲ್ಲ ಅದರೊಳಗೇ ಕಲ್ಲಾದವು. ಪಕ್ಕದ ಗಾಡಿಯ ಅರ್ಲಿಸ್ ಅಜ್ಜಿ ಬಗ್ಗಿ ನೋಡಿ, “ಚಳೀಲಿ ಬಚ್ಚಲ ಬಾಯಿ ಮುಚ್ಚಿ ನೀರನ್ನ ಗಾಡಿಯ ತೊಟ್ಟೀಲೇ ಕೂಡಿಡಬೇಕು ಅನ್ನೋದು ನಮ್ಮ ನಾಯಿಗೂ ಗೊತ್ತು ಕಣೋ,” ಅಂದರು. ಪೈಪು ಸೀಳಿಹೋದರೆ ವಸಂತದವರೆಗೆ ನಮಗೆ ಅತ್ತೆಯ ಮನೆಯೇ ಗತಿ, ಎಂಥ ಭಾಗ್ಯ! ನೀವು ಮದುವೆಗೆ ಕೊಟ್ಟ ಹೇರ್ ಡ್ರೈಯರನ್ನು ಎರಡು ಗಂಟೆ ಪೈಪಿಗೆ ಹಿಡಿದೆ. ಕೊನೆಗೆ ಮೂರಡಿ ಮಂಜುಗಡ್ಡೆ ಇಡಿಯಾಗಿ ಜಾರಿಬಿತ್ತು, ಪೈಪು ಉಳಿಯಿತು! ನನಗೆ ನೆಗಡಿ. ಕೋರಿ ಆರೋಗ್ಯವಾಗಿದ್ದಾನೆ, ಆನಂದದಿಂದ ಅತ್ತು, ಗಟ್ಟಿಯಾಗಿ ತಬ್ಬಿಕೊಂಡ, ಪೈಪನ್ನು.

ಅಂಚೆ ಗಾಡಿ ಬಂತು,
ನಿಮ್ಮ ಬ್ರಿಟಾ