ನನ್ನದಲ್ಲದ ಸೂಟ್‌ಕೇಸ್

ನಗರ ರಂಗಮಂದಿರದ ಮುಖ್ಯಸ್ಥರಾದ ಮಾನ್ಯರೇ,

ನಿಮ್ಮ ರಂಗಮಂದಿರವು ನಾನು ಎಂದೂ ಮಾಡದ ವಲಸೆಯೊಂದನ್ನು ನನಗೆ ದಯಪಾಲಿಸಿ, ಅದಕ್ಕಾಗಿ ನಾನೂರು ಜನರ ಮುಂದೆ ನಾನು ಅಳುವಂತೆ ಮಾಡಿದೆ. ಈ ಬಗ್ಗೆ ನಿಮ್ಮ ಕಚೇರಿಗೆ ಎರಡು ಪತ್ರ ಬರೆದೆ. ಎರಡಕ್ಕೂ ‘ನಿಮ್ಮ ದನಿ ನಮಗೆ ಅಮೂಲ್ಯ’ ಎಂಬ ಒಂದೇ ಉತ್ತರ ಬಂದದ್ದರಿಂದ, ಆ ಅಮೂಲ್ಯ ದನಿಯನ್ನು ತುಸು ಏರಿಸಿ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ನಾನು ಈ ಊರಿನ ಟ್ರಾಮ್ ಚಾಲಕ, ವಯಸ್ಸು ನಲವತ್ತೊಂಬತ್ತು. ಹುಟ್ಟಿದ್ದು ರೈಲು ನಿಲ್ದಾಣದ ಹಿಂದಿನ ಆಸ್ಪತ್ರೆಯಲ್ಲಿ. ಅಲ್ಲಿಂದ ಈಗಿನ ಮನೆಯವರೆಗೆ ನಾನು ಮಾಡಿರುವ ವಲಸೆ ಟ್ರಾಮಿನ ಮೂರು ನಿಲುಗಡೆಗಳಷ್ಟು. ಇಪ್ಪತ್ತೆರಡು ವರ್ಷಗಳಿಂದ ನಿಮ್ಮ ನಾಟಕಗಳಿಗೆ ಇಡೀ ವರ್ಷದ ಟಿಕೆಟ್ ಕೊಳ್ಳುತ್ತಿದ್ದೇನೆ. ನಟನೊಬ್ಬ ಮೂರು ಗಂಟೆ ಬೆತ್ತಲೆ ಕುಳಿತು ಆಲೂಗಡ್ಡೆ ಸುಲಿದ ನಾಟಕವನ್ನು ಕೊನೆಯವರೆಗೂ ನೋಡಿದ ಹನ್ನೊಂದು ಮಂದಿಯಲ್ಲಿ ನಾನೊಬ್ಬ. ಇದಕ್ಕಿಂತ ಹೆಚ್ಚಿನ ನಿಷ್ಠೆಯನ್ನು ಒಬ್ಬ ನಾಗರಿಕನಿಂದ ಯಾವ ಸರ್ಕಾರ ತಾನೇ ಕೇಳೀತು?

ಹಾಗಾಗಿ ‘ಎಲ್ಲರ ಊರು’ ಎಂಬ ನಾಟಕಕ್ಕೆ ಊರಿನ ಸಾಮಾನ್ಯರೇ ಬೇಕೆಂದು ನೀವು ಪ್ರಕಟಿಸಿದಾಗ ಮೊದಲ ದಿನವೇ ಓಡಿಬಂದೆ. ಹಳೆಯ ನಾಟಕವೊಂದರ ಸೇನಾಪತಿಯ ಭಾಷಣವನ್ನು ಒಂದಕ್ಷರ ತಪ್ಪದೆ ಹೇಳಿದೆ. ನಾಟಕದ ನಿರ್ದೇಶಕಿ ವೀಬ್ಕೆ ಕಣ್ಣು ಮುಚ್ಚಿ ಕೇಳಿದರು.

“ಚೆನ್ನಾಗಿದೆ. ಆದ್ರೆ ಇದು ನಿಮ್ದಲ್ವಲ್ಲ. ನಿಮ್ಮೊಳಗಿಂದ ಏನಾದ್ರೂ ಬರ್ಲಿ. ನೀವು ಎಲ್ಲಿಂದ ಬಂದ್ರಿ?”

“ಡಿಪೋದಿಂದ. ಡ್ಯೂಟಿ ಮುಗಿಸ್ಕೊಂಡು ನೇರ ಬಂದೆ.”

“ಅಲ್ಲ, ನಿಜವಾಗ್ಲೂ ಎಲ್ಲಿಂದ?”

ಹೀಗೆ ನನ್ನ ಕೈಗೆ ಸೂಟ್‌ಕೇಸ್ ಬಂತು. ಮೊದಲ ದಿನದ ವಲಸಿಗನಾಗಿ ನಾನು ರೈಲಿನಿಂದಿಳಿದು, ಅದನ್ನು ತೆರೆದು, ಹುಟ್ಟೂರಿನ ಹಿಡಿ ಮಣ್ಣನ್ನು ಎದೆಗೊತ್ತಿಕೊಂಡು ಅಳಬೇಕು. ಅದೂ ಒಡಕು ಜರ್ಮನ್‌ನಲ್ಲಿ. ನನಗೆ ಒಡಕು ಜರ್ಮನ್ ಬಾರದೆಂದಾಗ ಅಚ್ಚುಕಟ್ಟಾದ ಜರ್ಮನ್‌ಗೆ ಹೆಸರಾದ ಹ್ಯಾನೋವರಿನಿಂದ ಒಬ್ಬ ಶಿಕ್ಷಕರನ್ನು ಕರೆಸಿ, ವಾರಕ್ಕೆರಡು ದಿನ ತಪ್ಪು ಮಾತಾಡುವುದನ್ನು ಕಲಿಸಿದಿರಿ. ಅವರು ಬಹಳ ಶಿಸ್ತಿನ ಮನುಷ್ಯ. ನಾನು ಬಾಯಿತಪ್ಪಿ ಸರಿಯಾಗಿ ಮಾತಾಡಿದರೆ ಪೆನ್ಸಿಲಿನಿಂದ ಮೇಜು ಕುಟ್ಟುತ್ತಿದ್ದರು.

ನಾನೇಕೆ ಒಪ್ಪಿದೆ ಎಂದು ನೀವು ಕೇಳಬಹುದು. ಕತ್ತಲಲ್ಲಿ ಅಷ್ಟು ವರ್ಷ ಕುಳಿತವನಿಗೆ ಒಮ್ಮೆ ಆ ಬೆಳಕಿನಲ್ಲಿ ನಿಲ್ಲುವ ಆಸೆಯಿತ್ತು. ನಾಚಿಕೆಯಾಗುತ್ತದೆ, ಆದರೆ ನಿಜ.

ಮೊದಲ ಪ್ರದರ್ಶನ ಭಾನುವಾರ ಮಧ್ಯಾಹ್ನ. ನನ್ನ ತಂದೆ ಹುಸಮೆತ್ತಿನ್ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದೆ. ವಯಸ್ಸು ಎಪ್ಪತ್ತೆಂಟು, ಯೌವನದಲ್ಲಿ ಹೊರದೇಶದಿಂದ ಬಂದು ಇಲ್ಲಿನ ಕಲ್ಲಿದ್ದಲು ಗಣಿಯಲ್ಲಿ ಮೂವತ್ತೊಂದು ವರ್ಷ ದುಡಿದವರು. ಪಾತ್ರ ಯಾವುದೆಂದು ಅವರಿಗೆ ಹೇಳಿರಲಿಲ್ಲ. ನಾನು ಮಣ್ಣು ಹಿಡಿದು ಬಿಕ್ಕುತ್ತಿದ್ದಂತೆ ಅವರು ಎದ್ದು ನಿಂತರು. ಎಲ್ಲರಿಗೂ ತಿಳಿಯಲೆಂದು ಜರ್ಮನ್‌ನಲ್ಲೇ ಮಾತಾಡಿದರು.

“ಲೇ ನೆಜ್‌ದೆತ್, ಯಾವನದೋ ಆ ಪೆಟ್ಟಿಗೆ? ಮಣ್ಣು ಯಾವನಾದ್ರೂ ಹೊತ್ಕೊಂಡ್ ಬರ್ತಾನಾ? ನಾನ್ ಬಂದಿದ್ದೇ ಎಂಟ್ನೂರು ಮೀಟರ್ ಮಣ್ಣಿನ ಕೆಳಗೆ ಕೆಲಸ ಮಾಡೋಕೆ. ನಮ್ಮಮ್ಮ ಕೊಟ್ಟಿದ್ದು ಒಂದು ಜಾಡಿ ಮೆಣಸಿನಕಾಯಿ ಉಪ್ಪಿನಕಾಯಿ. ಮ್ಯೂನಿಕ್ ಸ್ಟೇಷನ್ನಲ್ಲಿ ಒಡೆದುಹೋಯ್ತು. ಅತ್ತಿದ್ದು ಅದಕ್ಕೆ.”

ಇಡೀ ರಂಗಮಂದಿರ ಎದ್ದು ಚಪ್ಪಾಳೆ ತಟ್ಟಿತು. ಇದೂ ನಾಟಕದ ಭಾಗ ಎಂದುಕೊಂಡರು. ಮರುದಿನ ಪತ್ರಿಕೆಯ ವಿಮರ್ಶಕರು ‘ವಲಸೆಯ ಗಾಯ ಪ್ರೇಕ್ಷಾಗೃಹದ ನಡುವೆಯೇ ಬಿರಿದ ಅಪೂರ್ವ ಗಳಿಗೆ’ ಎಂದು ಬರೆದರು. ಉಪ್ಪಿನಕಾಯಿಯಲ್ಲಿ ಅವರಿಗೆ ಭೂಮಧ್ಯ ಸಮುದ್ರದ ಸಂಕೇತ ಕಂಡಿತಂತೆ.

ಟ್ರಾಮಿನಲ್ಲಿ ಮನೆಗೆ ಹೋಗುವಾಗ ಅಪ್ಪ ಕಿಟಕಿಯಾಚೆ ನೋಡುತ್ತಿದ್ದರು.

“ನೀನು ಅಲ್ಲಿ ನಾನಾಗಿದ್ಯಾ?”

“ಹೂಂ ಅಪ್ಪ.”

“ಪಕ್ಕದ ಹೆಂಗಸು ಕಣ್ಣೊರೆಸ್ಕೊಂಡ್ಳು ಕಣೋ, ಅಯ್ಯೋ ಪಾಪ ಅಂತ. ಐವತ್ತು ವರ್ಷದಿಂದ ಯಾರೂ ನನ್ನನ್ನ ನೋಡಿ ಪಾಪ ಅನ್ನದ ಹಾಗೆ ಬದುಕಿದ್ದೆ.”

ಈ ಮಾತಿಗೆ ನಿಮ್ಮ ಬಳಿ ಉತ್ತರವಿದೆಯೇ?

ಮಂಗಳವಾರ ವೀಬ್ಕೆ ಕೇಕ್ ಹಿಡಿದು ಮನೆಗೆ ಬಂದರು. ಉಳಿದ ಹನ್ನೆರಡು ಪ್ರದರ್ಶನಗಳಲ್ಲೂ ಅಪ್ಪ ಅದೇ ಜಾಗದಲ್ಲಿ ಎದ್ದು, ಅದೇ ರೀತಿ ಬೈಯಬೇಕಂತೆ. ಸಾಧ್ಯವಾದರೆ ಸ್ವಲ್ಪ ನಿಧಾನವಾಗಿ. ಅಪ್ಪ ಕೇಕಿನ ಎರಡನೆಯ ತುಂಡನ್ನೂ ಮುಗಿಸಿ ಹೇಳಿದರು: “ಒಂದ್ಸಲ ಬೈದ್ರೆ ಅದು ಬೈಗುಳ ಕಣಮ್ಮ. ದಿನಾ ಅದೇ ಟೈಮಿಗೆ ಬೈದ್ರೆ ನಾನೂ ನಿಮ್ಮ ಥರಾನೇ ಸುಳ್ಳು ಹೇಳ್ದಂಗೆ.” ಅಂದೇ ನಾನೂ ನಾಟಕ ಬಿಟ್ಟೆ. ಈಗ ನನ್ನ ಪಾತ್ರವನ್ನು ಹ್ಯಾನೋವರಿನ ಆ ಶಿಕ್ಷಕರೇ ಮಾಡುತ್ತಿದ್ದಾರೆಂದು ಕೇಳಿದೆ. ಅವರ ಒಡಕು ಜರ್ಮನ್ ನನ್ನದಕ್ಕಿಂತ ಎಷ್ಟೋ ಸಹಜವಂತೆ.

ಮಾನ್ಯರೇ, ನನಗೆ ಕ್ಷಮಾಪಣೆ ಬೇಡ. ಅದರ ಮೇಲೂ ನೀವೊಂದು ವಿಚಾರಗೋಷ್ಠಿ ಏರ್ಪಡಿಸೀರಿ. ಮುಂದಿನ ಋತುವಿನ ಹೊಸ ನಾಟಕದಲ್ಲಿ ಒಬ್ಬ ನಿವೃತ್ತ ನ್ಯಾಯಾಧೀಶನ ಪಾತ್ರವಿದೆ. ಅವನ ಹೆಸರು ಕ್ರೂಗರ್. ಅವನಿಗೆ ಕೀಲುನೋವು, ಒಂದು ನಾಯಿ, ಜಗಳಗಂಟಿ ತಂಗಿ. ಅವನು ಎಲ್ಲಿಂದ ಬಂದನೆಂದು ನಾಟಕದಲ್ಲಿ ಯಾರೂ ಕೇಳುವುದಿಲ್ಲ. ಆ ಪಾತ್ರದ ಆಯ್ಕೆಗೆ ನನ್ನನ್ನೂ ಕರೆಯಿರಿ. ಪೂರ್ತಿ ಕೇಳಿ. ಹಿಡಿಸದಿದ್ದರೆ, ‘ಇವನಿಗೆ ನಟನೆ ಬರುವುದಿಲ್ಲ’ ಎಂದು ಸ್ಪಷ್ಟವಾಗಿ ಬರೆದು, ಸಹಿ ಹಾಕಿ ಕಳಿಸಿ. ಈ ಊರಿನ ಇತರ ಕೆಟ್ಟ ನಟರಿಗೆಲ್ಲ ಸಿಗುವ ಆ ಗೌರವ ನನಗೆ ಇನ್ನೂ ಸಿಕ್ಕಿಲ್ಲ.

ಇಂತಿ,
ಹುಟ್ಟಿದ ಊರಿನಲ್ಲೇ ಉಳಿದ ತಪ್ಪಿಗೆ ವಿಷಾದಿಸುವ,
ನೆಜ್‌ದೆತ್ ಕರಾಬುಲುತ್