ಗದ್ದೆಗೆ ಕಟ್ಟಿದ ಅಪ್ಪನ ಹಾಡು

ಕೆಬ್ಬಾ,

ನೀನು ಏಳೋ ಹೊತ್ತಿಗೆ ನಾನು ಗದ್ದೇಲಿರ್ತೀನಿ. ಅಪ್ಪನ ಹಾಡಿಗೆ ಅಂತ ಫೋನ್ ತಡಕಬೇಡ, ಅದರಲ್ಲಿ ಈಗ ಏನೂ ಇಲ್ಲ. ನಾವು ಕೊಂಡಿದ್ದ ಅಷ್ಟೂ ಹಾಡನ್ನ ಆ ಹಾಡು ಮಾರೋ ಕಂಪನಿಯವರು ನಿನ್ನೆ ತೆಗೆದುಹಾಕಿದ್ದಾರೆ. ನೀವು ಕೊಂಡಿದ್ದು ಹಾಡಲ್ಲ, ಕೇಳೋ ಅನುಮತಿ ಅಷ್ಟೇ ಅಂತಾರೆ. ನಮ್ಮಪ್ಪನ ದನಿ ಕೇಳೋಕೆ ಅವರ ಅನುಮತಿ! ಅವರ ಬಾಯಿಗೆ ಮಣ್ಣು ಹಾಕ.

ಅವರಾದ್ರೂ ಹೊರಗಿನವರು. "ಎಲ್ಲಾ ಫೋನಲ್ಲಿದೆಯಲ್ಲಕ್ಕಾ, ಅಪ್ಪನ ಈ ಹಳೇ ಕ್ಯಾಸೆಟ್ಟು ಹಕ್ಕಿ ಓಡಿಸೋಕಾದ್ರೂ ಆಗುತ್ತೆ" ಅಂದವನು ನೀನು. ಆ ಮಾತು ನಂಬಿ, ಟೇಪು ಎಳೆದೆಳೆದು ಭತ್ತದ ಮೇಲೆ ಕಟ್ಟಿದವಳು ನಾನು. ಗಾಳಿಗೆ ಅದು ಗುಂಯ್ ಅಂದಾಗ ಇಬ್ಬರೂ ನಕ್ಕಿದ್ವಲ್ಲ!

ನಾಳೆ ನಿನ್ನ ಮಗನಿಗೆ ಅಪ್ಪನ ಹೆಸರಿಡ್ತೀವಿ. ಕೋರಾ ತಂತಿವಾದ್ಯ ನುಡಿಸೋ ಕುಯಾಟೆ ವಂಶದ ಮನೇಲಿ, ಮಗೂನ ಕಿವಿಗೆ ಮನೆತನದ ಹಾಡು ಬೀಳದೆ ಹೆಸರಿಡೋದುಂಟಾ? ಹಾಡೋಕೆ ಅಪ್ಪ ಈಗಿಲ್ಲ, ನೀನಂತೂ ಒಂದು ದಿನಾನೂ ತಂತಿ ಮುಟ್ಟಿದವನಲ್ಲ.

ಶೇಂಗಾ ಸಾರು ಒಲೆ ಮೇಲಿದೆ. ಹೆಂಡತಿಗೆ ಮೊದಲು ಬಡಿಸು, ಬಾಣಂತಿ ಹಸಿದಿರಬಾರದು. ಆಮೇಲೆ ರೇಡಿಯೋ ರಿಪೇರಿ ಸಾಂಬೂನ ಟೇಪ್ ರೆಕಾರ್ಡರ್ ಸಮೇತ ಮನೆಗೆ ಕರೆದುಕೊಂಡು ಬಾ. ಹಾಡು ಇಳಿಸಿಕೊಳ್ಳೋಕೆ ಖಾಲಿ ಮೆಮೊರಿ ಕಾರ್ಡು ಮೂರು ತರಲಿ. ಮೂರೂ ನನ್ನ ಪೆಟ್ಟಿಗೇಲೇ ಇರುತ್ತೆ, ನಿನ್ನ ಕೈಗೆ ಒಂದೂ ಕೊಡಲ್ಲ.

ಟೇಪು ಕಿತ್ತ ಖಾಲಿ ಕ್ಯಾಸೆಟ್ಟು, ಸುತ್ತೋಕೆ ನಿನ್ನ ಪೆನ್ಸಿಲ್ಲು ತಗೊಂಡು ಹೋಗ್ತಿದ್ದೀನಿ. ಎರಡು ವಾರ ಬಿಸಿಲು ತಿಂದ ಟೇಪಲ್ಲಿ ಅಪ್ಪ ಎಷ್ಟು ಉಳಿದಿದ್ದಾನೋ, ಅಷ್ಟನ್ನ ಬಿಚ್ಚಿ ತರ್ತೀನಿ. ಈ ವರ್ಷದ ಭತ್ತ ಹಕ್ಕಿಗಳೇ ತಿನ್ನಲಿ.

ಸಿರಾ